ಕಾಳಿಯ ಕಲ್ಲು

ಕೃಷ್ಣರಾಜನಗರ ಸೀಮೆಯ ಹಳ್ಳಿಗಳಲ್ಲಿ ಸಾಕಿದ ನಾಯಿ ಸತ್ತರೆ ಹಿತ್ತಿಲಲ್ಲೋ ಹೊಲದ ಬದುವಿನಲ್ಲೋ ಮಣ್ಣು ಮಾಡುತ್ತಾರೆ. ನಾಲ್ಕು ಮಳೆಗಾಲ ಕಳೆದರೆ ಆ ಜಾಗದ ಗುರುತೂ ಸಿಗದು. ಹೆಸರೊಂದೇ ಮನೆಯವರ ಬಾಯಲ್ಲಿ ಉಳಿಯುತ್ತದೆ. ಹಳೆಯ ಗಂಗವಾಡಿಯಲ್ಲಿ, ಇಂದಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಸಾವಿರ ವರ್ಷಗಳ ಹಿಂದೆ ಒಬ್ಬ ಯೋಧನು ಈ ಮರೆವಿಗೆ ಒಪ್ಪಲಿಲ್ಲ.

ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಹೋರಾಡಿದ ಗಂಗ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ತನ್ನ ಭಟ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ದೊಡ್ಡದೊಂದು ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಮಣಲೇರನು ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣುವಂತಿಲ್ಲ. ಉಂಡರೆ ನಾಯಿಯ ಪಾಪ ಅವನದು.

ಬೇಟೆಯು ಹಿಂಸೆಯೇ. ಅಹಿಂಸೆಯನ್ನು ನಂಬಿದವರ ಕಣ್ಣು ಮೊದಲು ಹೋಗುವುದು ಕಾಳಿಯೊಡನೆ ಕಲ್ಲಿನಲ್ಲಿ ಮೂಡಿರುವ ಹಂದಿಯ ಕಡೆಗೆ. ಆದರೂ ಒಂದು ಮಾತು ನಿಜ: ತಕ್ಕೋಲದ ಗೆಲುವನ್ನು ತಿಳಿಯಬೇಕಾದ ಇತಿಹಾಸಕಾರರು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲಿನ ಬಳಿಗೇ ಬರುತ್ತಾರೆ. ದೊರೆಗಳ ವಿಜಯ ಅಲ್ಲಿ ಉಳಿದಿರುವುದು ಒಂದು ನಾಯಿಯ ನೆನಪಿನ ಆಸರೆಯಲ್ಲಿ.