ಅವ್ವನ ಬೇವಿನೆಣ್ಣೆ, ಪುಣೆಯ ಸೊಳ್ಳೆ

ನಾವು ಪುಣೆಗೆ ಬಂದು 22 ವರ್ಷವಾಯ್ತು. ನವಲಗುಂದದ ಕಡೆಯಿಂದ ಅವ್ವ ಬಂದಾಗಲೆಲ್ಲ ಚೀಲದಲ್ಲಿ ಎರಡು ಸಾಮಾನು ಖಾಯಂ: ಖಡಕ್ ರೊಟ್ಟಿ, ಮತ್ತೆ ಬೇವಿನೆಣ್ಣೆ ಬೆರೆಸಿದ ಕೊಬ್ಬರಿ ಎಣ್ಣೆ. ಆ ವಾಸನೆ ಗೊತ್ತಲ್ಲ ನಿಮಗೆ? ಮುಚ್ಚಳ ತೆಗೆದರೆ ಸಾಕು, ಅವ್ವ ಬಂದದ್ದು ಪಕ್ಕದ ಮನೆಯವರಿಗೂ ತಿಳಿಯುತ್ತೆ!

ಹೊಲಕ್ಕೆ ಕಳೆ ತೆಗೆಯೋಕೆ ಹೋಗುವಾಗ ಅವ್ವ ಕೈಕಾಲಿಗೆ ಅದನ್ನೇ ಸವರಿಕೊಳ್ತಿದ್ದಳು. ಬಿಸಿಲಿಗೆ ಚರ್ಮ ಒಡೆಯಲ್ಲ, ಹುಳ ಹತ್ತಿರ ಬರಲ್ಲ ಅನ್ನೋದು ಅವಳ ಲೆಕ್ಕ.

2023ರ ಅಕ್ಟೋಬರ್‌ನಲ್ಲಿ ಮಗ ಕ್ರಿಕೆಟ್ ಆಡಿ ಕುತ್ತಿಗೆ ಕೆಂಪಗೆ ಮಾಡಿಕೊಂಡು ಬಂದ. ಅವ್ವ ಬಾಲ್ಕನಿಯಲ್ಲಿದ್ದ ಲೋಳೆಸರ ಕೊಯ್ದು (ಇಲ್ಲಿಯವರು ಕೋರಫಡ ಅಂತಾರೆ) ಹಳದಿ ರಸವೆಲ್ಲ ಸೋರಿಹೋಗಲು ಬಿಟ್ಟಳು. ಆ ರಸ ಕೆಲವರಿಗೆ ತುರಿಕೆ ತರುತ್ತೆ. ಆಮೇಲೆ ಸಿಪ್ಪೆ ತೆಗೆದು ಒಳಗಿನ ಲೋಳೆ ಹಚ್ಚಿದಳು. ಉರಿ ತಣ್ಣಗಾಯ್ತು.

ಅದೇ ವಾರ ನಮ್ಮ ಸೊಸೈಟಿಯ ಹುಡುಗನೊಬ್ಬ ಡೆಂಗ್ಯೂ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದ. ನನ್ನ ಹೆಂಡತಿ ಹೆದರಿ ಡೀಟ್ ಇರುವ ಕ್ರೀಮ್ ತಂದಳು. ಅವ್ವನ ಮುಖ ಸಪ್ಪಗಾಯ್ತು. "ಇಷ್ಟ ವರ್ಷ ಸಾಕಾಗಿದ್ದ ಎಣ್ಣಿ ಈಗ ಯಾಕ ಸಾಲೂದಿಲ್ಲ?"

ನ್ಯಾಯವಾದ ಪ್ರಶ್ನೆಯೇ. ಪಕ್ಕದಲ್ಲಿ ಕೂತು ಹೇಳಿದೆ... ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚುತ್ತೆ, ಬೆಳಗ್ಗೆ ಮತ್ತು ಹೊತ್ತು ಮುಳುಗೋ ಮುಂಚೆ ಹೆಚ್ಚು. ಹೂಕುಂಡದ ತಟ್ಟೆಯಲ್ಲಿ ನಿಂತ ನೀರಷ್ಟೇ ಅದಕ್ಕೆ ಮರಿ ಮಾಡಲು ಸಾಕು. ಬೇವಿನ ವಾಸನೆ ಸೊಳ್ಳೆಗೆ ಆಗಲ್ಲ, ನಿಜ. ಆದರೆ ಅದರ ಕಾವಲು ಡೀಟ್‌ನಷ್ಟು ಹೊತ್ತು ನಿಲ್ಲಲ್ಲ. ಕೊಬ್ಬರಿ ಎಣ್ಣೆ ಚರ್ಮ ಮೆದು ಮಾಡುತ್ತೆ, ಬಿಸಿಲು ತಡೆಯೋದು ತೀರಾ ಸ್ವಲ್ಪ.

ಅವ್ವ ಸುಮ್ಮನೆ ಕೇಳಿದಳು. ಕಡೆಗೆ ಮನೆಯಲ್ಲಿ ಒಂದು ಒಪ್ಪಂದವಾಯ್ತು. ಆಡಲು ಹೋಗುವಾಗ ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಕ್ರೀಮ್. ಬಂದ ಮೇಲೆ ಸೋಪು ಹಚ್ಚಿ ತೊಳೆದು ಲೋಳೆಸರ. ರಾತ್ರಿ ಮೊಮ್ಮಗನ ಒಡೆದ ಹಿಮ್ಮಡಿಗೆ ಅವ್ವನ ಎಣ್ಣೆ.

ಹೂಕುಂಡದ ತಟ್ಟೆಗಳನ್ನು ವಾರಕ್ಕೊಮ್ಮೆ ಉಜ್ಜಿ ಒಣಗಿಸುವ ಕೆಲಸ ಅವ್ವನೇ ವಹಿಸಿಕೊಂಡಳು. ಈಗ ಇಲ್ಲಿಗೆ ಬಂದಾಗ ಅಕ್ಕಪಕ್ಕದವರನ್ನೂ ಬಿಡಲ್ಲ. ಬಾಗಿಲು ತಟ್ಟಿ, ತನಗೆ ಬರುವ ಎರಡೇ ಎರಡು ಮರಾಠಿ ಶಬ್ದ ಹೇಳ್ತಾಳೆ: "ಪಾಣಿ ಕಾಢಾ!"