ಬೆರಳು ತೂರುವಷ್ಟು ಸಂದು

ಏರ್ ಪ್ರೀಹೀಟರ್ ಅಂದ್ರೆ ಏನು ಅಂತ ಮನೆಯಲ್ಲಿ ಕೇಳಿದಾಗೆಲ್ಲ ನಾನು ಹೇಳೋದಿಷ್ಟು: ತೆಳು ತಗಡುಗಳನ್ನು ಒತ್ತೊತ್ತಾಗಿ ತುಂಬಿದ, ಮನೆಯಷ್ಟು ದೊಡ್ಡ ಚಕ್ರ. ನಿಮಿಷಕ್ಕೆ ಒಂದೆರಡು ಸುತ್ತು ಅಷ್ಟೇ. ಒಂದು ಕಡೆ ಬಾಯ್ಲರಿನ ಬಿಸಿ ಹೊಗೆ ತಗಡನ್ನು ಕಾಯಿಸುತ್ತೆ. ಆಚೆ ತಿರುಗಿದಾಗ ಅದೇ ತಗಡು ಬಾಯ್ಲರಿಗೆ ಹೋಗುವ ಗಾಳಿಯನ್ನು ಕಾಯಿಸುತ್ತೆ. ಸ್ವೀಡನ್ನಿನ ಫ್ರೆಡ್ರಿಕ್ ಯುಂಗ್‌ಸ್ಟ್ರೋಮ್ 1920ರ ಸುಮಾರಿಗೆ ಮಾಡಿದ ಉಪಾಯ. ಕಲ್ಲಿದ್ದಲು ಉಳಿಯುತ್ತೆ.

ತೊಂದರೆ ಏನಪ್ಪಾ ಅಂದ್ರೆ, ತಿರುಗುವ ಚಕ್ರಕ್ಕೂ ನಿಂತ ಕವಚಕ್ಕೂ ನಡುವೆ ಸಂದು ಇರಲೇಬೇಕು. ಗಾಳಿಯ ಒತ್ತಡ ಹೊಗೆಗಿಂತ ಜಾಸ್ತಿ. ಸಂದಿನಲ್ಲಿ ಆ ಕಡೆ ನುಗ್ಗುತ್ತೆ. ಹೊಗೆಯಲ್ಲಿ ಆಮ್ಲಜನಕ ಒಳಬರುವಾಗ 3.5%, ಹೊರಹೋಗುವಾಗ 6% ಇದ್ದರೆ ಸೋರಿಕೆ ಸುಮಾರು 15% ಅಂತ ಲೆಕ್ಕ. ಅಷ್ಟನ್ನೂ ಚಿಮಣಿಗೆ ಎಳೆಯೋಕೆ ಐಡಿ ಫ್ಯಾನು ದಂಡಕ್ಕೆ ಕರೆಂಟು ತಿನ್ನುತ್ತೆ. ಅದಕ್ಕೇ ಸುತ್ತಲೂ ಉಕ್ಕಿನ ಸೀಲ್ ಪಟ್ಟಿಗಳು.

ಉತ್ತರ ಕರ್ನಾಟಕದ ಒಂದು ಸ್ಥಾವರದಲ್ಲಿ ನನ್ನ ಮೊದಲ ಓವರ್‌ಹಾಲ್. ಸೀಲ್ ಕೂರಿಸುತ್ತಿದ್ದ ಗುತ್ತಿಗೆ ಫಿಟ್ಟರನ್ನು ಎಲ್ಲರೂ ಕಾಕಾ ಅಂತಿದ್ವಿ. ಕೆಳಗಿನ ಪಟ್ಟಿಗಳ ಹೊರ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿದ್ದರು. "ಏನ್ ಕಾಕಾ ಇದು, ಇಷ್ಟು ಸೋರಿದ್ರೆ ಹೇಗೆ?" ಅಂದೆ.

"ಸಾಹೇಬ್ರ, ಬೇಕಂತ ಬಿಟ್ಟೀನ್ರಿ. ಮ್ಯಾಲ ಬಿಸಿ, ಕೆಳಗ ತಣ್ಣಗ. ಕಾದ ಮ್ಯಾಲ ಚಕ್ರದ ಅಂಚು ಕೆಳಗ ಬಾಗತೈತ್ರಿ, ಬೋರಲು ಹಾಕಿದ ತಾಟಿನಂಗ. ಆಗ ತಾನಾಗೇ ಮುಚ್ಕೋತೈತಿ."

ನನಗೆ ಸೋಮಾರಿತನದ ನೆಪ ಅನ್ನಿಸಿತು. ಡ್ರಾಯಿಂಗ್ ತೆರೆದು ನೋಡಲಿಲ್ಲ. ಸಂದು ಮುಚ್ಚಿಸಿದೆ. ಕಾಕಾ ಇನ್ನೊಂದು ಮಾತಾಡಲಿಲ್ಲ; ಬೋಲ್ಟು ಸಡಿಲಿಸಿ ನಾನು ಹೇಳಿದ ಹಾಗೆ ಮಾಡಿದರು.

ಬಾಯ್ಲರ್ ಹೊತ್ತಿಸಿ ಲೋಡು ಏರಿಸುತ್ತಿದ್ದಂತೆ ಕೆಳಗಿನಿಂದ ಕರಕರ ಸದ್ದು. ಮೋಟರಿನ ಆಂಪಿಯರ್ ಏರತೊಡಗಿತು. ಕೊನೆಗೆ ನಿಲ್ಲಿಸಬೇಕಾಯಿತು. ಆರಿದ ಮೇಲೆ ಒಳಗೆ ಹೋಗಿ ನೋಡಿದರೆ ಪಟ್ಟಿಗಳು ಮಡಚಿಕೊಂಡಿದ್ದವು, ಕೆಲವು ಹರಿದೇ ಹೋಗಿದ್ದವು. ಆಮೇಲೆ ಡ್ರಾಯಿಂಗ್ ತೆರೆದೆ. ಕಾಕಾ ಬಿಟ್ಟಿದ್ದ ಸಂದು ಅದರಲ್ಲೇ ಇತ್ತು, ಮಿಲಿಮೀಟರಿನಲ್ಲಿ.

ವರದಿ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. "ಸೀಲ್ ಜೋಡಣೆಯಲ್ಲಿ ಫಿಟ್ಟರ್ ನಿರ್ಲಕ್ಷ್ಯ" ಅಂತ ಬರೆದು ಸಹಿ ಹಾಕಿದೆ. ಕಾಕಾನನ್ನು ಯಾರೂ ಏನೂ ಕೇಳಲಿಲ್ಲ. ಮುಂದಿನ ಓವರ್‌ಹಾಲಿಗೆ ಗುತ್ತಿಗೆದಾರ ಬೇರೆಯವರನ್ನು ಕಳಿಸಿದ.

ಈಗಲೂ ಹೊಸ ಹುಡುಗರಿಗೆ ಸೀಲ್ ಕಲಿಸುವಾಗ ಬೋರಲು ತಾಟಿನ ಮಾತು ಹೇಳ್ತೀನಿ. ಕಾಕಾ ಹೇಳಿದ್ದು ಅಂತಲೂ ಹೇಳ್ತೀನಿ. ವರದಿಯ ವಿಷಯ ಮಾತ್ರ ಇದುವರೆಗೆ ಯಾರಿಗೂ ಹೇಳಿರಲಿಲ್ಲ.