ಲ್ಯಾಬ್ ಡೈರಿ 7: ಮೊದಲು ವೈರನ್ನ ಕೇಳಿ

ಕ್ಯಾಲಿಬ್ರೇಷನ್ ಲ್ಯಾಬಿಗೆ ಹೊಸ ಮಲ್ಟಿಮೀಟರ್ ಬಂದ್ರೆ ಮನೆಗೆ ಹೊಸ ಸೊಸೆ ಬಂದ ಹಾಗೆ. ಏನೇ ಎಡವಟ್ಟಾದ್ರೂ ತಪ್ಪೆಲ್ಲ ಅದರ ತಲೆಗೇ! 😄

ಕಳೆದ ವಾರ ನಮ್ಮಲ್ಲೂ ಅದೇ ಆಯ್ತು. ಪಿಟಿ100 ಟೆಂಪರೇಚರ್ ಸೆನ್ಸರ್ ಐಸ್ ಬಾತ್‌ನಲ್ಲಿತ್ತು. 0 ಡಿಗ್ರಿಯಲ್ಲಿ 100 ಓಮ್ ಬರಬೇಕು. ಹೊಸ ಮೀಟರ್ ತೋರಿಸಿದ್ದು 100.4.

"0.4 ತಾನೇ" ಅನ್ಬೇಡಿ. ಈ ಸೆನ್ಸರ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 0.385 ಓಮ್. ಅಂದ್ರೆ ಒಂದು ಡಿಗ್ರಿಗಿಂತ ಜಾಸ್ತಿನೇ ತಪ್ಪು. ಸೆನ್ಸರ್ ಹೋಗೋದು ಲಸಿಕೆ ಇಡೋ ಫ್ರಿಜ್‌ಗೆ. ಅಲ್ಲಿ 2ರಿಂದ 8 ಡಿಗ್ರಿ ದಾಟೋ ಹಾಗಿಲ್ಲ.

"ಮೀಟರ್ ವಾಪಸ್ ಕಳ್ಸೋಣ" ಅಂದ್ರು ಒಬ್ರು. "ನಲ್ ಬಟನ್ ಒತ್ತಿ 0.4 ಕಳೆದುಬಿಡೋಣ" ಅಂದ್ರು ಇನ್ನೊಬ್ರು.

ಸೆನ್ಸರ್ ಬಿಚ್ಚಿ, ಎರಡು ವೈರ್‌ಗಳ ತುದಿ ಒಂದಕ್ಕೊಂದು ಮುಟ್ಟಿಸಿದೆ. ಸೆನ್ಸರೇ ಇಲ್ಲ, ಆದ್ರೂ 0.4 ಓಮ್! ಕಳ್ಳ ಸಿಕ್ಕ: ಉದ್ದದ ವೈರ್. ಹಾಗಂತ ಕಳೆದುಬಿಟ್ರೆ ಸಾಲದು. ಕ್ಲಿಪ್ ಸಡಿಲ ಆದ್ರೂ, ರೂಮ್ ಬಿಸಿಯಾದ್ರೂ ಆ 0.4 ಬದಲಾಗುತ್ತೆ.

ಪರಿಹಾರ ನಾಲ್ಕು ವೈರ್. ಎರಡರಲ್ಲಿ ಕರೆಂಟ್ ಹರಿಯುತ್ತೆ, ಇನ್ನೆರಡು ಸೆನ್ಸರ್ ಬುಡದಲ್ಲೇ ವೋಲ್ಟೇಜ್ ಅಳೆಯುತ್ತವೆ. ಅಳೆಯೋ ವೈರ್‌ಗಳಲ್ಲಿ ಕರೆಂಟ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಹಾಗಾಗಿ ಅವುಗಳ ರೆಸಿಸ್ಟೆನ್ಸ್ ಲೆಕ್ಕಕ್ಕೆ ಬರಲ್ಲ. ಮೆನುವಿನಲ್ಲೂ 4-ವೈರ್ ಮೋಡ್ ಆರಿಸಬೇಕು, ಮರೀಬೇಡಿ. ಈಗ ರೀಡಿಂಗ್ 100.00. ✅

ನಲ್ ಒತ್ತಿದ್ರೆ ಅಂಕಿ ಸರಿಹೋಗ್ತಿತ್ತು, ಅಳತೆ ಅಲ್ಲ. ಆ ಫ್ರಿಜ್ ನಂಬೋದು ನಾವು ಸಹಿ ಹಾಕೋ ಕಾಗದವನ್ನ.

ನಿಮ್ಮ ಕಾಲೇಜ್ ಲ್ಯಾಬ್‌ನಲ್ಲಿ ಇಂಥ ಕಳ್ಳ ವೈರ್ ಸಿಕ್ಕಿದ್ಯಾ? ಕಾಮೆಂಟ್ ಮಾಡಿ 👇

#ಲ್ಯಾಬ್‌ಡೈರಿ #ಕನ್ನಡದಲ್ಲಿಎಂಜಿನಿಯರಿಂಗ್